ಎಲ್ಲಾರ ಫೋನ್ ನಂಬರೂ ಒಂದ ಹ್ಯಾಂಗ ಆಯ್ತ್ರಿ?

ಕೇಳ್ರಿ, ಹೇಳ್ತೀನಿ: ಓದುಗರ ಪ್ರಶ್ನಿ, ಲೆಕ್ಕದ ಮಾಸ್ತರರ ಉತ್ತರ

ಪ್ರಶ್ನೆ: ಮಾಸ್ತರ್ರೆ ನಮಸ್ಕಾರ. ನಮ್ದು ಕಲಬುರಗಿ ಗಂಜ್‌ನಾಗ ಅಡತಿ ಅಂಗಡಿ, ತೊಗರಿ ಕಡ್ಲಿ ವ್ಯಾಪಾರ. ಅಪ್ಪಾರ ಕಾಲದಿಂದ ರೈತರ ಹೆಸರು ನಂಬರ್ ಎಲ್ಲಾ ಕೆಂಪು ಬಟ್ಟಿ ಖಾತಿ ಬುಕ್ಕಿನಾಗ ಬರಕೋತ ಬಂದೀವಿ. ಈ ವರ್ಷ ನಮ್ಮ ತಂಗಿ ಮಗ, ಮಾಮಾ ಎಲ್ಲಾ ಕಂಪ್ಯೂಟರ್‌ನಾಗ ಹಾಕೋಣು ಅಂತ ಹೇಳಿ ತಾನ ಒಂದು ಸಾಫ್ಟ್‌ವೇರ್ ಮಾಡಿಕೊಟ್ಟ. ನಾಕು ದಿನ ಕುಂತು ಮುನ್ನೂರು ಚಿಲ್ಲರ ಮಂದಿ ನಂಬರ್ ಟೈಪ್ ಮಾಡ್ಸಿದ್ವಿ. ನಿನ್ನಿ ತಗದು ನೋಡ್ತೀವಿ, ಎಲ್ಲಾರ ಹೆಸರಿನ ಮುಂದೂ 2147483647, ಒಂದ ನಂಬರ್! ಇಬ್ಬರದು ಮಾತ್ರ ಬರೋಬರಿ ಅದ, ಅದೂ ಹಳೇ ದಾಲ್ ಮಿಲ್‌ನೋರ ಲ್ಯಾಂಡ್‌ಲೈನ್. ಹುಡುಗ ವೈರಸ್ ಅಂತಾನ, ನಮ್ಮ ಮುನೀಮ ಯಾರೋ ಹ್ಯಾಕ್ ಮಾಡ್ಯಾರ ಅಂತಾನ. ಆ ನಂಬರಿಗೆ ಹಚ್ಚಿದ್ರ ಫೋನೂ ಹೋಗವಲ್ದು. ಇದು ಯಾರ ನಂಬರ್ರಿ?
– ಒಬ್ಬ ಅಡತಿ ವ್ಯಾಪಾರಿ, ಕಲಬುರಗಿ

ಉತ್ತರ: ಸಾವಕಾರ್ರೆ, ನಿಮ್ಮ ಪತ್ರ ಓದಿ ನಕ್ಕಬಿಟ್ಟೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಕು ದಿನದ ಕೆಲಸ ನೀರಾಗ ಹೋದದ್ದಕ್ಕ ನಕ್ಕಿಲ್ಲ, ಆ ನಂಬರ್ ನೋಡಿ ನಕ್ಕೆ, ಯಾಕಂದ್ರ ಅದು ನನಗ ಭಾಳ ವರ್ಷದ ಪರಿಚಯ. ಅದು ಯಾರ ನಂಬರೂ ಅಲ್ಲ, ವೈರಸ್ಸೂ ಅಲ್ಲ, ಹ್ಯಾಕೂ ಅಲ್ಲ. ನಿಮ್ಮ ಡಬ್ಬಿ ತುಂಬ್ಯದ, ಅಷ್ಟ.

ಹ್ಯಾಂಗಂದ್ರ, ಹಳೇ ತಕ್ಕಡಿ ನೆನಪು ಮಾಡ್ಕೋರಿ, ಈಗಿನ ಎಲೆಕ್ಟ್ರಾನಿಕ್ ಕಾಟಾ ಬ್ಯಾಡ. ನಿಮ್ಮ ಹಂತ್ಯಾಕ 1, 2, 4, 8 ಕೆಜಿದು ನಾಕು ಕಲ್ಲು ಅವ ಅನ್ಕೋರಿ. ಒಂದರಿಂದ ಹದಿನೈದರ ತನಕ ಯಾವ ತೂಕ ಬೇಕಾದ್ರೂ ಆಗ್ತದ, 13 ಬೇಕಂದ್ರ 8, 4, 1 ಇಟ್ರಾಯ್ತು. ನಾಕೂ ಇಟ್ರ 15, ಅದರ ಮ್ಯಾಲ ಒಂದು ಕೆಜಿ ಜಾಸ್ತಿ ತೂಗಬೇಕಂದ್ರೂ ಹೊಸಾ ಕಲ್ಲೇ ಬೇಕು, 16 ರದು. ಕಂಪ್ಯೂಟರ್ ಒಳಗ ಇದ ಆಟ ನಡೀತದ, ಪ್ರತಿಯೊಂದು ಕಲ್ಲೂ ಮುಂದಿಂದರ ಅರ್ಧ, ಇಟ್ರ 1 ಇಡ್ಲಿಲ್ಲಂದ್ರ 0. ನಿಮ್ಮ ಅಳಿಯ ಫೋನ್ ನಂಬರ್ ಇಡ್ಲಿಕ್ಕ ಆರಿಸಿದ ಡಬ್ಬಿಗೆ 32 ಮನಿ ಇರ್ತಾವ, ಒಂದು ಮನಿ ಪ್ಲಸ್ಸೋ ಮೈನಸ್ಸೋ ಅಂತ ಗುರ್ತಿಗೆ ಹೋಯ್ತು, ಉಳಿದದ್ದು 31 ಕಲ್ಲು. ಆ 31 ಕಲ್ಲೂ ಒಮ್ಮಿಗೆ ತಕ್ಕಡ್ಯಾಗ ಇಟ್ರ ಆಗೋ ತೂಕನ 2147483647. ಮುಂದಿನ ಕಲ್ಲು, ಅಂದ್ರ 32ನೇದು, 2147483648 ರದು, ಅದು ಇಲ್ಲ. ನಮ್ಮ ನಂಬರ್ ಅದಕ್ಕಿಂತ ಸರೀ ಒಂದು ಕಡಿಮಿ.

ಈಗ ಮೊಬೈಲ್ ನಂಬರ್ ನೋಡ್ರಿ. ನಮ್ಮ ದೇಶದಾಗ ಅವು 6, 7, 8, 9 ರಿಂದನ ಸುರು ಆಗ್ತಾವ, ಹತ್ತು ಅಂಕಿ. ಅಂದ್ರ ಎಷ್ಟ ಸಣ್ಣದಿದ್ರೂ 600 ಕೋಟಿ ದಾಟ್ತದ. ಡಬ್ಬಿ ಹಿಡಿಯೋದು 214 ಕೋಟಿ 74 ಲಕ್ಷ 83 ಸಾವಿರದ 647. ಸೇರಿನಾಗ ಜೋಳ ಎಷ್ಟ ಸುರದ್ರೂ ಸೇರು ತುಂಬಿದ ಮ್ಯಾಲ ಉಳಿದದ್ದು ನೆಲಕ್ಕ ಚೆಲ್ತದಲ್ಲ, ಸೇರಿನಾಗ ಮಾತ್ರ ಒಂದ ಸೇರು ಉಳೀತದ, ಹಂಗ ನಿಮ್ಮ ಮುನ್ನೂರು ಮಂದಿದೂ ಚೆಲ್ಲಿ ಎಲ್ಲಾರಿಗೂ ತುಂಬಿದ ಸೇರು ಒಂದ ಉಳದದ. ಕೆಲವು ಡೇಟಾಬೇಸ್ ಹಿಂಗ ಸುಮ್ಮನ ತುಂಬಿ ಕೊಡ್ತಾವ, ಕೆಲವು ಹಿಡಿಸಂಗಿಲ್ಲ ಅಂತ ಅಲ್ಲೇ ಜಗಳ ತಗೀತಾವ, ಜಗಳ ತಗಿಯೋದೇ ಚಲೋ ಅಂತೀನಿ ನಾನು. ದಾಲ್ ಮಿಲ್‌ನೋರ ಲ್ಯಾಂಡ್‌ಲೈನ್ ಯಾಕ ಉಳೀತು? ಊರಿನ ಕೋಡ್ 08472 ಬಿಟ್ಟು ಬರೀ ಆರು ಅಂಕಿ ಬರದಿರ್ತೀರಿ, ಅದು ಹತ್ತು ಲಕ್ಷದ ಒಳಗ, ಆರಾಮ ಹಿಡಿಸ್ತು. ಫೋನ್ ಯಾಕ ಹೋಗವಲ್ದು ಅಂದ್ರ ನಮ್ಮಲ್ಲಿ 2 ರಿಂದ ಸುರು ಆಗೋ ಮೊಬೈಲೇ ಇಲ್ಲ. ಅಮೇರಿಕಾದಾಗ ಮಾತ್ರ 214 ಅಂದ್ರ ಡಲ್ಲಾಸ್ ಊರಿನ ಕೋಡ್, ಅಲ್ಲಿ ಈ ನಂಬರ್ ಯಾರ ಮನ್ಯಾಗ ಇದ್ರೂ ಅವರಿಗೆ ದೇವರೇ ಗತಿ.

ಉಪಾಯ ಹೇಳ್ತೀನಿ, ಲಗೂನ ಮುಗಿಸ್ತೀನಿ. ಅಳಿಯಗ ಫೋನ್ ನಂಬರಿನ ಕಾಲಂ ಸಂಖ್ಯೆ ಅಂತ ಇಡಬ್ಯಾಡ, ಅಕ್ಷರ ಅಂತ ಇಡು ಅಂತ ಹೇಳ್ರಿ. ಫೋನ್ ನಂಬರ್ ಯಾರೂ ಕೂಡಿಸಂಗಿಲ್ಲ ಕಳೆಯಂಗಿಲ್ಲ, ಅದು ಅಂಕಿಲೇ ಬರದ ಹೆಸರು ಅಷ್ಟ. ಈಗ ಚೆಲ್ಲಿದ ನಂಬರ್ ಆ ಟೇಬಲ್ಲಿನಾಗ ಸಿಗಂಗಿಲ್ರಿ, ಹೋದದ್ದು ಹೋಯ್ತು. ಕೆಂಪು ಖಾತಿ ಬುಕ್ ಇನ್ನೂ ಅದ ಅಲ್ಲ, ರದ್ದಿಗೆ ಹಾಕಿಲ್ಲ ಅಲ್ಲ? ಅದನ್ನ ಮತ್ತ ತಗೀರಿ.

ಇನ್ನ ನಂಬರಿನ ಮಜಾಕ್ಕ ಬರ್ತೀನಿ, ಇಷ್ಟು ಬರದ ಮ್ಯಾಲ ಅದನ್ನ ಹೇಳದ ಬಿಟ್ರ ನನಗ ರಾತ್ರಿ ನಿದ್ದಿ ಬರಂಗಿಲ್ಲ. ಈ 2147483647 ಅವಿಭಾಜ್ಯ ಸಂಖ್ಯೆ. 1 ಮತ್ತು ತಾನು ಬಿಟ್ರ ಯಾವುದ್ರಲೇ ಭಾಗಿಸಿದ್ರೂ ಏನರ ಒಂದು ಉಳೀತದ.

ಬೈನರಿನಾಗ, ಅಂದ್ರ ಆ ಕಲ್ಲಿನ ಆಟದಂಗ ಬರೀ 0 ಮತ್ತ 1 ರಲೇ ಬರದ್ರ, ಇದು ಬರೀ ಒಂದುಗಳ ಹಾರ, 31 ಮಣಿ, ಎಲ್ಲಾ 1. ಈಗ ಮಣಿ ಗುಂಪು ಮಾಡೋಣು. ಮೂರು ಒಂದು ಅಂದ್ರ 4, 2, 1 ಕೂಡಿ 7. ಹಾರದಾಗ 15 ಮಣಿ ಇದ್ರ ಮೂರು ಮೂರರ ಐದು ಗುಂಪು ಬರ್ತಾವ, ಹಂಗಾಗಿ 15 ಮಣಿ ಹಾರ, ಅಂದ್ರ 32767, ಅದು 7 ಕ್ಕ ಭಾಗ ಹೋಗ್ತದ. ಐದೈದರ ಮೂರು ಗುಂಪೂ ಬರ್ತಾವ, ಐದು ಮಣಿ ಅಂದ್ರ 31, ಅದಕ್ಕೂ ಭಾಗ ಹೋಗ್ತದ. ಮಾಡಿ ನೋಡ್ರಿ, 7 × 31 × 151 = 32767, ಒಂದೂ ಹೆಚ್ಚುಕಮ್ಮಿ ಇಲ್ಲ. ನಮ್ಮ ಹಾರಕ್ಕ ಮಾತ್ರ 31 ಮಣಿ, ಮೂರು ಮೂರು ಮಾಡಿದ್ರ ಹತ್ತು ಗುಂಪು ಆಗಿ ಒಂದು ಮಣಿ ಉಳೀತದ, ಅದಕ್ಕ 7 ರಲೇ ಭಾಗಿಸಿದ್ರ ಶೇಷ 1. 31 ಮಣಿ ಹ್ಯಾಂಗ ಹಂಚಿದ್ರೂ ಸಮ ಗುಂಪು ಆಗಂಗಿಲ್ಲ, 31 ತಾನೂ ಅವಿಭಾಜ್ಯ ಅದ ಅಲ್ಲ. ಮಣಿ ಸಮ ಹಂಚ್ಲಿಕ್ಕ ಬಂದ್ರ ಹಾರ ಒಡೀತದ, ಇದು ಪಕ್ಕಾ. ಆದ್ರ ಹಂಚ್ಲಿಕ್ಕ ಬರ್ಲಿಲ್ಲಂದ್ರ ಒಡೆಯಂಗಿಲ್ಲ ಅಂತ ಗ್ಯಾರಂಟಿ ಇಲ್ಲ, ಇಲ್ಲೇ ಭಾಳ ಮಂದಿ ಜಾರ್ತಾರ. 11 ಅವಿಭಾಜ್ಯ ಖರೇ, 11 ಮಣಿ ಹಾರ 2047, ಅದು ನೋಡಿದ್ರ 23 × 89.

ಹಿಂಗ ಬರೀ ಒಂದರ ಹಾರ ಆಗಿ ಅವಿಭಾಜ್ಯನೂ ಇದ್ರ ಅದಕ್ಕ ಮರ್ಸೆನ್ ಅವಿಭಾಜ್ಯ ಅಂತಾರ. ಮರ್ಸೆನ್ ಫ್ರಾನ್ಸ್ ದೇಶದ ಪಾದ್ರಿ, 1644 ರಾಗ ಒಂದು ಪಟ್ಟಿ ಕೊಟ್ಟಿದ್ರು, ಇಷ್ಟಿಷ್ಟು ಮಣಿದು ಅವಿಭಾಜ್ಯ ಅಂತ, ಅದರಾಗ 31 ಸರಿ ಇತ್ತು, 67 ಮತ್ತು 257 ತಪ್ಪು ಇದ್ವು, 61, 89, 107 ಬಿಟ್ಟೇ ಹೋಗಿದ್ವು. ಕ್ಯಾಲ್ಕುಲೇಟರ್ ಇಲ್ಲದ ಕಾಲದಾಗ ಅಷ್ಟಾದ್ರೂ ಆಯ್ತಲ್ಲ ಅನ್ರಿ. ಇಂಥವು ಸಾಲಿನಾಗ 3, 7, 31, 127, 8191, 131071, 524287, ಆಮ್ಯಾಲ ಎಂಟನೇದು ನಿಮ್ಮ ಖಾತಿ ನಂಬರ್. ಈಗ ಗೊತ್ತಿರೋ 52ನೇದು 2024 ರ ಅಕ್ಟೋಬರ್‌ನಾಗ ಹೊರಗ ಬಂತು, ಅದರಾಗ 13,62,79,841 ಮಣಿ, ನಮ್ಮ ಅಂಕಿನಾಗ ಬರದ್ರ ನಾಕು ಕೋಟಿ ಮೇಲ್ಪಟ್ಟು ಅಂಕಿ.

ಇನ್ನೊಂದು ಮಾತು. ಕಂಪ್ಯೂಟರ್ ಮಂದಿ ಈ ನಂಬರ್ ಅವಿಭಾಜ್ಯ ಅದ ಅಂತ ಆರಿಸಿದ್ದಲ್ಲ. ಅವರಿಗೆ ಬೇಕಿದ್ದದ್ದು 32 ಮನಿ ಡಬ್ಬಿ, ಒಂದು ಗುರ್ತಿಗೆ ಹೋಗಿ 31 ಉಳೀತು, 31 ಅವಿಭಾಜ್ಯ ಆಗಿದ್ದು ಬರೀ ನಸೀಬು. 16 ಮನಿ ಡಬ್ಬಿದು ಈಗ ನೋಡಿದ್ವಿ, 32767, ಒಡದುಹೋಯ್ತು. 64 ಮನಿ ಡಬ್ಬಿನಾಗ 63 ಮಣಿ, ಮೂರು ಮೂರು ಹಂಚ್ಲಿಕ್ಕ ಬರ್ತದ, ಹಂಗಾಗಿ ಅದು 7 ಕ್ಕ ಭಾಗ ಹೋಗ್ತದ, ಅದೂ ಎರಡೆರಡು ಸಲ. ಯಾರರೇ ನಿಮಗ ಇದರಾಗ ಏನೋ ದೊಡ್ಡ ರಹಸ್ಯ ಅದ ಅಂದ್ರ ಚಾ ಕುಡಿಸಿ ಕಳಸ್ರಿ.

ಪ್ರಶ್ನೆ: ಸರ್, ಹೋದ ಸಲ ನೀವು ಗಣಿತಜ್ಞ ಆಯ್ಲರ್ ಕೈಲೇ ಲೆಕ್ಕ ಮಾಡಿ 2147483647 ಅವಿಭಾಜ್ಯ ಅಂತ ತೋರಿಸಿದ್ರು ಅಂತ ಒಂದ ಸಾಲಿನಾಗ ಬರದು ಬಿಟ್ರಿ. ಅದರ ವರ್ಗಮೂಲನ 46340 ಬರ್ತದ, ಅಷ್ಟರ ತನಕ ಒಂದೊಂದೇ ಭಾಗಿಸ್ಕೋತ ಕೂಡೋದು ಯಾರಿಂದ ಆಗ್ತದ? ಶಾರ್ಟ್‌ಕಟ್ ಏನರ ಇತ್ತಾ?
– ಬಿ.ಎಸ್ಸಿ. ಓದೋಕಿ, ಬೀದರ

ಉತ್ತರ: ಇತ್ತವ್ವಾ, ಅದೂ ಭಾಳ ಚಂದಂದು. ನೀ ಹೇಳಿದ್ದು ಖರೇ, 46340 ರ ತನಕ ಅವಿಭಾಜ್ಯಗಳೇ ಸುಮಾರು 4,800 ಅವ, ದಿನಕ್ಕ ಇಪ್ಪತ್ತು ಭಾಗಾಕಾರ ಮಾಡಿದ್ರೂ ಎಂಟು ತಿಂಗಳು ಬೇಕು. ಆಯ್ಲರ್ ಹಂಗ ಮಾಡ್ಲಿಲ್ಲ.

ಮೊದಲನೇ ಜರಡಿ ಹಿಂಗದ. p ಅನ್ನೋ ಅವಿಭಾಜ್ಯ ನಮ್ಮ ನಂಬರನ್ನ ಭಾಗಿಸ್ತದ ಅನ್ಕೋ. ಆವಾಗ 2 ನ್ನ 31 ಸಲ ಗುಣಿಸಿ p ಲೇ ಭಾಗಿಸಿದ್ರ ಶೇಷ 1. ಫರ್ಮಾ ಅನ್ನೋ ಗಣಿತಜ್ಞರು ಹೇಳಿದ ಪ್ರಕಾರ p-1 ಸಲ ಗುಣಿಸಿದ್ರೂ ಶೇಷ 1. 31 ಅವಿಭಾಜ್ಯ ಇರೋದಕ್ಕ 31 ಹೋಗಿ p-1 ನ್ನ ಭಾಗಿಸಲೇಬೇಕು, p ಬೆಸ ಇರೋದಕ್ಕ 62 ನೂ ಭಾಗಿಸಬೇಕು. ಅಂದ್ರ p ಯಾವಾಗಲೂ 62 ರ ಮಗ್ಗಿಗೆ ಒಂದು ಕೂಡಿಸಿದ್ದು. ನಂಬಿಕಿ ಬರ್ಲಿಲ್ಲಂದ್ರ ಆ 2047 ಕ್ಕ ಹಚ್ಚಿ ನೋಡು, ಅಲ್ಲಿ 11 ಮಣಿ ಅದಕ್ಕ 22 ರ ಮಗ್ಗಿ, 22 ಕ್ಕ ಒಂದು ಕೂಡಿಸಿದ್ರ 23, 88 ಕ್ಕ ಒಂದು ಕೂಡಿಸಿದ್ರ 89, ಎರಡೂ ಬಂದ್ವಲ್ಲ?

ಎರಡನೇ ಜರಡಿ ಇನ್ನೂ ಸಣ್ಣದು. 2 ನ್ನ 31 ಸಲ ಗುಣಿಸಿದ್ರ ಶೇಷ 1 ಅಂದ್ರ 32 ಸಲಕ್ಕ ಶೇಷ 2. 32 ಸಲ ಅಂದ್ರ 16 ಸಲದ್ದರ ವರ್ಗ. ಹಂಗಾದ್ರ p ಲೆಕ್ಕದಾಗ, ಅಂದ್ರ p ಲೇ ಭಾಗಿಸಿ ಶೇಷ ಅಷ್ಟ ನೋಡೋ ಲೆಕ್ಕದಾಗ, 2 ಅನ್ನೋದು ಒಂದು ವರ್ಗ ಸಂಖ್ಯೆ ಆಯ್ತು, ಹಿಂಗ ಆಗಬೇಕಂದ್ರ p ನ್ನ 8 ರಲೇ ಭಾಗಿಸಿದಾಗ 1 ಇಲ್ಲಾ 7 ನ ಉಳೀಬೇಕು, ಇದು ನಿಮ್ಮ ಸಿಲಬಸ್‌ನಾಗೂ ಬರ್ತದ. ಈಗ 63, 125, 187, 249 ತಗೋ, 8 ರಲೇ ಭಾಗಿಸಿದ್ರ 7, 5, 3, 1 ಉಳೀತಾವ, ನಡುವಿನ ಎರಡೂ ಜರಡಿ ಕೆಳಗ ಬಿದ್ವು. ಕೊನಿಗೆ ಉಳಿಯೋದು 248 ರ ಮಗ್ಗಿಗೆ 1 ಕೂಡಿಸಿದ್ವು ಮತ್ತ 63 ಕೂಡಿಸಿದ್ವು, ಎರಡ ಸಾಲು. 46340 ರ ತನಕ ಎಲ್ಲಾ ಸೇರಿ 373 ಸಂಖ್ಯೆ, ಅದರಾಗ 63, 249, 497, 559 ಇಂಥಾ ಒಡೆಯೋವು ತಗದ್ರ ನೂರೂ ಉಳಿಯಂಗಿಲ್ಲ. ಮೊದಲನೇದು 311. ಭಾಗಿಸು, 6905092 ಸಲ ಹೋಗಿ 35 ಉಳೀತದ. ಮುಂದ 1303, ಅದರಾಗ 226 ಉಳೀತದ. ಹಿಂಗ ಕೊನಿ ತನಕ ಎಲ್ಲೂ ಸೊನ್ನಿ ಬರಂಗಿಲ್ಲ, ಅಲ್ಲಿಗೆ ಸಾಬೀತು. ನಾ ಒಮ್ಮಿ ಬ್ಯಾಸಗಿ ರಜಾದಾಗ ಕುಂತು ಮಾಡ್ಲಿಕ್ಕ ಹೋಗಿ ಇಪ್ಪತ್ತರ ಹಂತಕ್ಕ ಬಂದಾಗ ಕರೆಂಟ್ ಹೋಗಿ ಫ್ಯಾನ್ ಬಂದ್ ಆಗಿ ಬಿಟ್ಟುಬಿಟ್ಟೆ, ಸುಳ್ಳ ಯಾಕ ಹೇಳ್ಲಿ.

ಆಯ್ಲರ್ ಇದನ್ನ ಬರ್ನೂಲಿ ಅನ್ನೋ ಗಣಿತಜ್ಞರ ಮನೆತನದವರಿಗೆ ಬರದ ಕಾಗದದಾಗ ಹೇಳಿದ್ದು 1772 ರಾಗ. ಆಗ ಅವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಾಗ ಇದ್ರು, ವಯಸ್ಸು ಅರವತ್ತೈದರ ಹತ್ರ, ಎರಡೂ ಕಣ್ಣು ಹೆಚ್ಚುಕಮ್ಮಿ ಹೋಗಿದ್ವು. ನಿಮ್ಮೂರಾಗ ಮಹ್ಮೂದ್ ಗವಾನರ ಮದರಸಾ ಅದ ಅಲ್ಲ, ಅದು 1472 ರದು, ಬರೋಬರಿ ಮುನ್ನೂರು ವರ್ಷ ಮೊದಲು. ಎರಡಕ್ಕೂ ಏನೂ ಸಂಬಂಧ ಇಲ್ಲ, ತಾರೀಖು ನೋಡಿ ನೆನಪಾಯ್ತು ಹೇಳ್ದೆ.

ಹಂಗ ಇನ್ನೊಂದು. ಈ ನಂಬರಿಗೆ 2 ರ 30ನೇ ಘಾತ ಗುಣಿಸಿದ್ರ 2305843008139952128 ಬರ್ತದ, ಇದು ಪರಿಪೂರ್ಣ ಸಂಖ್ಯೆ, ಅಂದ್ರ ತನ್ನನ್ನ ಬಿಟ್ಟು ತನ್ನ ಎಲ್ಲಾ ಭಾಜಕ ಕೂಡಿಸಿದ್ರ ಮತ್ತ ತಾನೇ ಬರ್ತದ, 6 ರಾಗ 1, 2, 3 ಕೂಡಿ 6 ಆದಂಗ. 1811 ರಾಗ ಇಂಗ್ಲೆಂಡಿನ ಬಾರ್ಲೋ ಅನ್ನೋರು ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಯಾರೂ ಹುಡುಕಂಗಿಲ್ಲ, ಉಪಯೋಗ ಇಲ್ಲದ್ದಕ್ಕ ಯಾರು ತಲಿ ಕೆಡಿಸ್ಕೋತಾರ ಅನ್ನೋ ಅರ್ಥದಾಗ ಬರದಿದ್ರು. 1876 ರಾಗ ಲೂಕಾಸ್ ಅನ್ನೋ ಗಣಿತಜ್ಞರು 127 ಮಣಿ ಹಾರ ಅವಿಭಾಜ್ಯ ಅಂತ ತೋರಿಸಿದ ಕೂಡಲೇ ಆ ಮಾತು ಬಿತ್ತು. ಉಪಯೋಗ ಇಲ್ಲ ಅಂದ ಕೂಡಲೇ ಸುಮ್ಮನಾಗೋ ಜಾತಿ ಅಲ್ಲವ್ವಾ ಲೆಕ್ಕದ ಮಂದಿ.

ನಿನ್ನ ವಹಿಯಾಗ ಇದೊಂದೂ ಬರಕೋ. 5 ಮಣಿ ಹಾರ 31, ಅದು ಅವಿಭಾಜ್ಯ. 31 ಮಣಿ ಹಾರ 2147483647, ಅದೂ ಅವಿಭಾಜ್ಯ. ಹಂಗಾದ್ರ 2147483647 ಮಣಿ ಹಾರ? ಬರದ್ರ 64 ಕೋಟಿ ಮ್ಯಾಲ ಅಂಕಿ ಆಗ್ತದ, ಆಸಿ ಪಟ್ಟು ನೋಡಿದ್ರ ಅದು ಒಡೀತದ, 295257526626031 ಕ್ಕ ಭಾಗ ಹೋಗ್ತದ. ಈ ಭಾಜಕಕ್ಕೂ ನಮ್ಮ ಮೊದಲನೇ ಜರಡಿ ಹಚ್ಚಿ ನೋಡು, ಒಂದು ಕಳದು 2147483647 ರ ಎರಡರಷ್ಟಕ್ಕ ಭಾಗಿಸಿದ್ರ ಸರಿಯಾಗಿ 68745 ಬರ್ತದ.

ಪ್ರಶ್ನೆ: 2038 ರಾಗ ಎಲ್ಲಾ ಫೋನ್ ಬಂದ್ ಆಗ್ತಾವ ಅಂತ ವಾಟ್ಸಾಪ್‌ನಾಗ ಬಂದದ, ಖರೇನಾ? ಅದರಾಗೂ ಇದ ನಂಬರ್ ಇತ್ತು.
– ಮೊಬೈಲ್ ರಿಪೇರಿ ಅಂಗಡಿಯಾಂವ, ಯಾದಗಿರಿ

ಉತ್ತರ: ಅರ್ಧ ಖರೇ ಅದ ತಮ್ಮಾ. ಭಾಳ ಕಂಪ್ಯೂಟರ್ ಟೈಮ್ ಅಂದ್ರ 1970 ರ ಜನವರಿ 1 ರಿಂದ ಎಷ್ಟು ಸೆಕೆಂಡ್ ಆಯ್ತು ಅಂತ ಎಣಸ್ತಾವ, ನಮ್ಮ ಟೈಮಿನಾಗ ಅವತ್ತು ಮುಂಜಾನಿ ಐದೂವರಿಂದ ಅನ್ನು. ಆ ಎಣಿಕಿ 32 ಮನಿ ಡಬ್ಬಿನಾಗ ಇಟ್ರ 2147483647ನೇ ಸೆಕೆಂಡಿಗೆ ತುಂಬ್ತದ. ಅದು 2038 ರ ಜನವರಿ 19, ಮಂಗಳವಾರ, ನಮ್ಮಲ್ಲಿ ಮುಂಜಾನಿ 8 ಗಂಟಿ 44 ನಿಮಿಷ 7 ಸೆಕೆಂಡ್. ಮುಂದಿನ ಸೆಕೆಂಡಿಗೆ ಡಬ್ಬಿ ತಿರುಗಿ ಮೈನಸ್‌ಗೆ ಹೋಗಿ 1901 ರ ಡಿಸೆಂಬರ್ ತೋರಸ್ತದ. ಈಗಿನ ಫೋನ್ 64 ಮನಿ ಡಬ್ಬಿದಾವ, ಅವಕ್ಕ ಏನೂ ಆಗಂಗಿಲ್ಲ. ಮೂಲ್ಯಾಗ ಧೂಳು ತಿಂತಾ ನಡದಿರೋ ಹಳೇ ಮಷಿನ್ನಿಂದ ಮಾತು ಬ್ಯಾರೆ, ಅವನ್ನ ಅಷ್ಟರೊಳಗ ಬದ್ಲ ಮಾಡ್ಬೇಕು. 2014 ರ ಡಿಸೆಂಬರ್‌ನಾಗ ಯೂಟ್ಯೂಬ್‌ನಾಗ ಒಂದು ಕೊರಿಯಾ ಹಾಡು ನೋಡಿದವರ ಲೆಕ್ಕನೂ ಇದ ನಂಬರ್ ದಾಟಿತ್ತು, ಆವಾಗ ಅವರೂ 64 ಕ್ಕ ಹೋದ್ರು. ಕುದುರಿ ಓಡಿಸಿದಂಗ ಕುಣೀತಿದ್ರಲ್ಲ, ಅದ ಹಾಡು.

ಪ್ರಶ್ನೆ: 2147483647 ರ ಅಂಕಿ ಕೂಡಿಸಿದ್ರ 46, ಮತ್ತ ಕೂಡಿಸಿದ್ರ 10, ಮತ್ತ 1. ಒಂದು ಅಂದ್ರ ಸೂರ್ಯ ಅಂತಾರ, ಇದು ಲಕ್ಕಿ ನಂಬರಾ? ಗಾಡಿಗೆ ಹಾಕ್ಸಬೇಕಂತೀನಿ.
– ಓದುಗ, ಶಹಾಬಾದ

ಉತ್ತರ: ಹತ್ತು ಅಂಕಿ ನಂಬರ್ ಗಾಡಿಗೆ ಹ್ಯಾಂಗ ಹಾಕ್ಸತೀರಿ ಅಣ್ಣಾ? ಅಂಕಿ ಕೂಡಿಸಿ 1 ಬಂತಂದ್ರ 9 ರಲೇ ಭಾಗಿಸಿದಾಗ 1 ಉಳೀತದ ಅಂತ ಅರ್ಥ, 3 ಕ್ಕೂ ಭಾಗ ಹೋಗಂಗಿಲ್ಲ ಅಂತ ಗೊತ್ತಾಗ್ತದ, ಅದಕ್ಕಿಂತ ಜಾಸ್ತಿ ಅದು ಏನೂ ಹೇಳಂಗಿಲ್ಲ.

ನಂಬರಿನ ಮ್ಯಾಲ ಪ್ರೀತಿ ಇದ್ರ ಒಮ್ಮಿ ಸೇಡಂ ಕಡಿ ಹೋಗಿ ಮಳಖೇಡ ನೋಡಿ ಬರ್ರಿ, ನಿಮಗೇನು ದೂರ ಅಲ್ಲ. ಕಾಗಿಣಾ ದಂಡಿ ಮ್ಯಾಲಿನ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಾಗ, 9ನೇ ಶತಮಾನದಾಗ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರದ್ರು. ಅದರಾಗ ಏಕ, ದಶ, ಶತದಿಂದ ಸುರು ಮಾಡಿ ಮಹಾಕ್ಷೋಭದ ತನಕ 24 ಸ್ಥಾನಕ್ಕ ಹೆಸರು ಕೊಟ್ಟಾರ, ಅದರ ಪ್ರಕಾರ ನಿಮ್ಮ ನಂಬರಿನ ಮೊದಲ 2 ಇರೋದು ಹತ್ತನೇ ಸ್ಥಾನ, ಶತಕೋಟಿದು. ಹಾರದಂಗ ಕಾಣೋ ಗುಣಾಕಾರ ಅಂದ್ರ ಅವರಿಗೆ ಭಾಳ ಪ್ರೀತಿ. 152207 ನ್ನ 73 ರಲೇ ಗುಣಿಸಿ ನೋಡ್ರಿ, 11111111 ಬರ್ತದ, ಎಂಟು ಮಣಿ. ನಾವು ಮ್ಯಾಲ ಬೈನರಿನಾಗ ಮಾಡಿದ ಆಟನ ಅವರು ಹತ್ತರ ಅಂಕಿನಾಗ ಆಡ್ಯಾರ ಅಂತ ನನಗ ಅನಸ್ತದ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸ್. ನಮ್ಮ ಕಲಬುರಗಿ ಪಿನ್ ಕೋಡ್ 585101 ಅವಿಭಾಜ್ಯನಾ? 2, 3, 5, 7 ನೋಡೀನಿ, ಹೋಗವಲ್ದು.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಇನ್ನೊಂದ ಹೆಜ್ಜಿ ಮುಂದ ಹೋಗಿದ್ರ ಸಿಗ್ತಿತ್ತು ತಮ್ಮಾ! 11 ರ ಪರೀಕ್ಷಾ ಗೊತ್ತದ ಅಲ್ಲ, ಬಲಗಡಿಯಿಂದ ಒಂದು ಅಂಕಿ ಕೂಡಿಸು ಮುಂದಿಂದು ಕಳಿ: 1 - 0 + 1 - 5 + 8 - 5. ಸೊನ್ನಿ ಬಂತು, ಅಂದ್ರ 11 ಕ್ಕ ಭಾಗ ಹೋಗ್ತದ. 53191 ಉಳೀತದ, ಅದು 43 × 1237, ಮುಂದ ಒಡೆಯಂಗಿಲ್ಲ. ಬೀದರದ 585401 ಕ್ಕೂ ಹಿಂಗ ಮಾಡಿ ನೋಡಿದೆ, 3 ಉಳೀತದ, 11 ಕ್ಕ ಹೋಗಂಗಿಲ್ಲ. ಅದನ್ನ ನಿನಗ ಬಿಡ್ತೀನಿ, 765 ರ ತನಕ ಅವಿಭಾಜ್ಯ ಒಂದೊಂದ ಹಚ್ಚಿ ನೋಡು, ಕ್ಯಾಲ್ಕುಲೇಟರ್ ನಡೀತದ, ಏನು ಬಂತು ಅಂತ ಪೋಸ್ಟ್‌ಕಾರ್ಡ್ ಹಾಕು.